ಚಿಪ್ಪಿನ ಇದ್ದಿಲು ಮತ್ತು ನಮ್ಮ ನೀರು: ಏನನ್ನು ಹಿಡಿಯುತ್ತದೆ, ಏನನ್ನು ಬಿಡುತ್ತದೆ?

(ಹಾಲು ಉತ್ಪಾದಕ ಸದಸ್ಯರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಹಾಲಿನ ಶಿಬಿರದಲ್ಲಿ ಇದ್ದಿಲಿನ ಮಾತೇಕೆ ಎಂದು ನಿಮಗೆ ಅನಿಸಬಹುದು. ಕಾರಣ ಸರಳವಾಗಿದೆ. ಹಾಲಿನಲ್ಲಿ ನೂರಕ್ಕೆ 87 ಭಾಗ ನೀರೇ ಇದೆ. ಒಂದು ಲೀಟರು ಹಾಲು ಕೊಡಬೇಕಾದರೆ ಹಸು ಮೂರರಿಂದ ಐದು ಲೀಟರು ನೀರು ಕುಡಿಯಬೇಕು. ದಿನಕ್ಕೆ ಹತ್ತು ಲೀಟರು ಹಾಲು ಕರೆಯುವ ಮಿಶ್ರತಳಿ ಹಸು ಬೇಸಿಗೆಯಲ್ಲಿ 60ರಿಂದ 80 ಲೀಟರಿನಷ್ಟು ನೀರು ಕುಡಿಯುತ್ತದೆ. ಕೆಚ್ಚಲು ತೊಳೆಯಲು, ಕ್ಯಾನು ತೊಳೆಯಲು, ಮನೆಮಂದಿ ಕುಡಿಯಲು ಬೇಕಾಗುವ ನೀರು ಬೇರೆ. ಪಶು ಆಹಾರದ ಚೀಲದ ಮೇಲೆ ಏನು ಬರೆದಿದೆ ಎಂದು ನಾವು ಓದುತ್ತೇವೆ. ಸಂಘದಲ್ಲಿ ಫ್ಯಾಟ್ ಎಷ್ಟು, ಎಸ್.ಎನ್.ಎಫ್. ಎಷ್ಟು ಎಂದು ಪ್ರತಿದಿನ ಕೇಳುತ್ತೇವೆ. ನೀರನ್ನು ಮಾತ್ರ ಕಣ್ಣಿಗೆ ತಿಳಿಯಾಗಿ ಕಂಡರೆ ಸಾಕು, ಒಳ್ಳೆಯದೆಂದು ಒಪ್ಪಿಕೊಳ್ಳುತ್ತೇವೆ.

ಇತ್ತೀಚೆಗೆ ಹಳ್ಳಿಗಳಿಗೆ ಇಬ್ಬರು ಬಗೆಯ ವ್ಯಾಪಾರಿಗಳು ಬರುತ್ತಿದ್ದಾರೆ. ಒಬ್ಬರು ಕೊಬ್ಬರಿ ಸುಲಿದ ಮೇಲೆ ಉಳಿದ ಚಿಪ್ಪನ್ನು ಕೊಳ್ಳುವವರು. ಇನ್ನೊಬ್ಬರು ‘ಕಾರ್ಬನ್ ಫಿಲ್ಟರು ಹಾಕಿಸಿ, ನೀರಿನ ಎಲ್ಲ ದೋಷವೂ ಹೋಗುತ್ತದೆ’ ಎಂದು ಹೇಳುವವರು. ಇಬ್ಬರ ಸರಕೂ ಒಂದೇ ವಸ್ತುವಿನ ಎರಡು ರೂಪ. ನಮ್ಮ ಅಂಗಳದಿಂದ ಅಗ್ಗದ ಬೆಲೆಗೆ ಹೋದ ಚಿಪ್ಪೇ ಕರೀ ಹರಳಾಗಿ, ಡಬ್ಬಿಯೊಳಗೆ ಕುಳಿತು, ದುಬಾರಿ ಬೆಲೆಗೆ ನಮ್ಮ ಮನೆಗೆ ಹಿಂದಿರುಗುತ್ತದೆ. ನಡುವೆ ಅದಕ್ಕೆ ಏನಾಯಿತು, ಅದು ನಿಜವಾಗಿ ಏನು ಮಾಡಬಲ್ಲುದು, ಏನು ಮಾಡಲಾರದು ಎಂಬುದನ್ನು ತಿಳಿದುಕೊಂಡರೆ ಇಬ್ಬರ ಮುಂದೆಯೂ ನಾವು ಮೋಸ ಹೋಗುವುದಿಲ್ಲ. ಇವತ್ತಿನ ಮಾತಿನ ಉದ್ದೇಶ ಇಷ್ಟೇ.

ಒಲೆಯ ಇದ್ದಿಲು ಬೇರೆ, ಸಕ್ರಿಯ ಇದ್ದಿಲು ಬೇರೆ

ಕಟ್ಟಿಗೆ ಅಥವಾ ಚಿಪ್ಪನ್ನು ಹೆಚ್ಚು ಗಾಳಿ ಆಡದಂತೆ ಸುಟ್ಟರೆ ಇದ್ದಿಲು ಸಿಗುತ್ತದೆ. ಈ ಇದ್ದಿಲನ್ನು ಮತ್ತೆ ವಿಶೇಷ ರೀತಿಯಲ್ಲಿ ಸಂಸ್ಕರಿಸಿದಾಗ ಸಿಗುವುದು ‘ಆಕ್ಟಿವೇಟೆಡ್ ಕಾರ್ಬನ್’, ಕನ್ನಡದಲ್ಲಿ ಸಕ್ರಿಯ ಇದ್ದಿಲು. ನೋಡಲು ಎರಡೂ ಕಪ್ಪು. ಆದರೆ ಕೆಲಸದಲ್ಲಿ ಅಜಗಜಾಂತರವಿದೆ.

ಸಕ್ರಿಯ ಇದ್ದಿಲಿನ ಒಂದು ಹರಳಿನೊಳಗೆ ಕಣ್ಣಿಗೆ ಕಾಣದ ಲೆಕ್ಕವಿಲ್ಲದಷ್ಟು ಸೂಕ್ಷ್ಮ ರಂಧ್ರಗಳಿರುತ್ತವೆ. ಆ ರಂಧ್ರಗಳ ಒಳಗೋಡೆಗಳನ್ನೆಲ್ಲ ಬಿಡಿಸಿ ನೆಲದ ಮೇಲೆ ಹಾಸಲು ಸಾಧ್ಯವಾಗಿದ್ದರೆ, ಒಳ್ಳೆಯ ದರ್ಜೆಯ ಒಂದು ಗ್ರಾಂ ಇದ್ದಿಲು ಸುಮಾರು 1000 ಚದರ ಮೀಟರು ಜಾಗವನ್ನು ಮುಚ್ಚುತ್ತಿತ್ತು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಒಂದು ಗ್ರಾಂಗೆ ಹತ್ತು ಗುಂಟೆ, ನಾಲ್ಕು ಗ್ರಾಂಗೆ ಒಂದು ಎಕರೆ. ನೀರು ಈ ರಂಧ್ರಗಳ ಮೂಲಕ ಹಾಯುವಾಗ ಅದರಲ್ಲಿ ಕರಗಿರುವ ಕೆಲವು ವಸ್ತುಗಳು ಒಳಗೋಡೆಗೆ ಅಂಟಿಕೊಂಡು ಅಲ್ಲೇ ಉಳಿಯುತ್ತವೆ. ಬಟ್ಟೆ ನೀರನ್ನು ಹೀರುವ ಹಾಗೆ ಇದು ಹೀರುವುದಲ್ಲ. ಬೆಲ್ಲದ ಅಚ್ಚಿಗೆ ನೊಣ ಮುತ್ತುವ ಹಾಗೆ ಮೇಲ್ಮೈಗೆ ಅಂಟುವುದು. ವಿಜ್ಞಾನಿಗಳು ಇದನ್ನು ಅಧಿಶೋಷಣೆ ಎಂದು ಕರೆಯುತ್ತಾರೆ. ಅಂಟಲು ಜಾಗ ಇರುವವರೆಗೆ ಮಾತ್ರ ಕೆಲಸ. ಜಾಗ ತುಂಬಿದ ಮೇಲೆ ಆ ಇದ್ದಿಲು ಬರೀ ಕಪ್ಪು ಕಲ್ಲು.

ಒಲೆಯಿಂದ ತೆಗೆದ ಇದ್ದಿಲಿನಲ್ಲೂ ರಂಧ್ರಗಳಿಗೆ ಅವಕಾಶವಿದೆ. ಆದರೆ ಸುಡುವಾಗ ಹುಟ್ಟಿದ ಟಾರಿನಂಥ ಜಿಡ್ಡು ಅವುಗಳ ಬಾಯಿಯನ್ನು ಮುಚ್ಚಿರುತ್ತದೆ. ಮಣ್ಣಿನ ಮಡಕೆಗಳಲ್ಲಿ ಮರಳು, ಇದ್ದಿಲು ತುಂಬಿ ನೀರು ಸೋಸುವ ಪದ್ಧತಿ ಹಲವು ಕಡೆ ಇದೆ. ಅದು ಕೆಸರನ್ನೂ ಕಸವನ್ನೂ ತಡೆಯುತ್ತದೆ, ಸ್ವಲ್ಪ ವಾಸನೆಯನ್ನೂ ತೆಗೆಯಬಹುದು. ಅದಕ್ಕಿಂತ ಹೆಚ್ಚಿನದನ್ನು ಅದರಿಂದ ನಿರೀಕ್ಷಿಸಬಾರದು.

ತಯಾರಿಕೆ ಹೇಗೆ?

ಇದ್ದಿಲು ಬಣ್ಣವನ್ನು ತೆಗೆಯುತ್ತದೆ ಎಂಬುದನ್ನು 1785ರಲ್ಲಿ ರಷ್ಯಾದಲ್ಲಿದ್ದ ಲೋವಿಟ್ಸ್ ಎಂಬ ರಸಾಯನಶಾಸ್ತ್ರಜ್ಞ ಕಂಡುಕೊಂಡ. ಮುಂದೆ ಯುರೋಪಿನ ಸಕ್ಕರೆ ಕಾರ್ಖಾನೆಗಳು ಕಂದು ಪಾಕವನ್ನು ಬಿಳುಪು ಮಾಡಲು ಇದ್ದಿಲನ್ನು ಬಳಸಿದವು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಆಸ್ಟ್ರೈಕೋ ಎಂಬಾತ ಇದ್ದಿಲನ್ನು ಸಕ್ರಿಯಗೊಳಿಸುವ ವಿಧಾನಗಳಿಗೆ ಪೇಟೆಂಟು ಪಡೆದ. ಮೊದಲನೇ ಮಹಾಯುದ್ಧದಲ್ಲಿ ವಿಷಾನಿಲದ ಬಳಕೆ ಶುರುವಾದಾಗ ಸೈನಿಕರ ಮುಖವಾಡಗಳಿಗೆ ಈ ಇದ್ದಿಲು ಬೇಕಾಯಿತು. 1918ರಲ್ಲಿ ಅಮೆರಿಕದ ಸರ್ಕಾರ ಪೀಚ್ ಹಣ್ಣಿನ ಓಟೆಗಳನ್ನೂ ಕಾಯಿಗಳ ಗಟ್ಟಿ ಚಿಪ್ಪುಗಳನ್ನೂ ಎಸೆಯದೆ ಕೂಡಿಸಿ ಕೊಡಿ ಎಂದು ಜನರನ್ನು ಕೇಳಿಕೊಂಡಿತು. ಆಗಲೇ ತೆಂಗಿನ ಚಿಪ್ಪು ಅತ್ಯುತ್ತಮ ಕಚ್ಚಾವಸ್ತುಗಳಲ್ಲಿ ಒಂದೆಂದು ಹೆಸರಾಯಿತು. ಇವತ್ತು ಭಾರತ, ಶ್ರೀಲಂಕಾ, ಫಿಲಿಪ್ಪೀನ್ಸ್, ಇಂಡೋನೇಷ್ಯಾ ದೇಶಗಳು ಚಿಪ್ಪಿನ ಸಕ್ರಿಯ ಇದ್ದಿಲನ್ನು ತಯಾರಿಸಿ ಹೊರದೇಶಗಳಿಗೆ ಕಳಿಸುತ್ತವೆ.

ತಯಾರಿಕೆಯಲ್ಲಿ ಎರಡು ಹಂತಗಳಿವೆ. ಮೊದಲನೆಯದು ಚಿಪ್ಪನ್ನು ಗಾಳಿ ಹೆಚ್ಚು ತಾಗದಂತೆ ಸುಮಾರು 400ರಿಂದ 600 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಇದ್ದಿಲು ಮಾಡುವುದು. ಎರಡನೆಯದು ಆ ಇದ್ದಿಲನ್ನು ಒಡೆದು, ತಿರುಗುವ ಕುಲುಮೆಯಲ್ಲಿ ಹಾಕಿ, 800ರಿಂದ 1000 ಡಿಗ್ರಿ ಶಾಖದಲ್ಲಿ ಹಬೆ ಹಾಯಿಸುವುದು. ಅಷ್ಟು ಶಾಖದಲ್ಲಿ ಹಬೆಯು ಇದ್ದಿಲಿನ ಒಂದಷ್ಟು ಭಾಗವನ್ನು ಅನಿಲವಾಗಿ ಮಾಡಿ ಒಯ್ಯುತ್ತದೆ. ಗೆದ್ದಲು ಮರವನ್ನು ಕೊರೆದಂತೆ ಒಳಗೆಲ್ಲ ಸುರಂಗಗಳಾಗುತ್ತವೆ. ಜಿಡ್ಡು ಹೋಗಿ ರಂಧ್ರಗಳ ಬಾಯಿ ತೆರೆಯುತ್ತದೆ. ಮರದ ಹೊಟ್ಟಿನಂಥ ವಸ್ತುಗಳಿಗೆ ರಂಜಕಾಮ್ಲವನ್ನು ಬೆರೆಸಿ ಕಡಿಮೆ ಶಾಖದಲ್ಲಿ ಕಾಯಿಸುವ ಇನ್ನೊಂದು ವಿಧಾನವೂ ಉಂಟು.

ಲೆಕ್ಕ ಗಮನಿಸಿ. ಮೂರೂವರೆ ಕಿಲೋ ಚಿಪ್ಪಿಗೆ ಸುಮಾರು ಒಂದು ಕಿಲೋ ಇದ್ದಿಲು. ಸುಮಾರು ಮೂರು ಕಿಲೋ ಇದ್ದಿಲಿಗೆ ಒಂದು ಕಿಲೋ ಸಕ್ರಿಯ ಇದ್ದಿಲು. ಅಂದರೆ ಒಂದು ಕಿಲೋ ಸರಕಿಗೆ ಹತ್ತು ಕಿಲೋ ಚಿಪ್ಪು ಬೇಕು. ಕುಲುಮೆ, ಬಾಯ್ಲರು, ಹೊಗೆ ಸಂಸ್ಕರಣೆ, ಪ್ರಯೋಗಶಾಲೆ ಎಲ್ಲವೂ ಬೇಕು. ಮನೆಯ ಹಿತ್ತಿಲಲ್ಲಿ ಡ್ರಮ್ಮಿನಲ್ಲಿ ಸುಟ್ಟು, ಮೇಲೆ ನೀರೆರಚಿ, ‘ಇದೇ ಆಕ್ಟಿವೇಟೆಡ್ ಕಾರ್ಬನ್’ ಎಂದು ಯಾರಾದರೂ ಮಾರಲು ಬಂದರೆ ನಂಬಬೇಡಿ.

ಬೇರೆ ಕೃಷಿತ್ಯಾಜ್ಯಗಳಿಂದಲೂ ಸಕ್ರಿಯ ಇದ್ದಿಲು ಮಾಡಬಹುದು. ಅಡಿಕೆ ಸಿಪ್ಪೆ, ಕಾಫಿ ಹೊಟ್ಟು, ಕಡಲೆಕಾಯಿ ಸಿಪ್ಪೆ, ಮೆಕ್ಕೆಜೋಳದ ದಿಂಡು, ಕಬ್ಬಿನ ಸಿಪ್ಪೆ ಇವೆಲ್ಲದರ ಮೇಲೂ ಪ್ರಯೋಗಗಳು ನಡೆದಿವೆ. ಭತ್ತದ ಹೊಟ್ಟಿನಲ್ಲಿ ಮರಳಿನ ಅಂಶವಾದ ಸಿಲಿಕಾ ಹೆಚ್ಚಾಗಿರುವುದರಿಂದ ಬೂದಿ ಹೆಚ್ಚು, ಇದ್ದಿಲಿನ ಅಂಶ ಕಡಿಮೆ. ತೆಂಗಿನ ಚಿಪ್ಪಿನ ಹೆಚ್ಚುಗಾರಿಕೆ ಎಂದರೆ ಅದರ ಗಡಸುತನ ಮತ್ತು ಅತಿ ಸಣ್ಣ ರಂಧ್ರಗಳು. ನೀರು ಹರಿಯುವಾಗ ಹರಳು ಬೇಗ ಪುಡಿಯಾಗುವುದಿಲ್ಲ. ಹಾಲು ಉತ್ಪಾದಕರಾದ ನಮಗೆ ಇನ್ನೊಂದು ಮಾತು ಮುಖ್ಯ. ದನ ತಿನ್ನುವ ಯಾವುದನ್ನೂ ಇದ್ದಿಲಿಗಾಗಿ ಸುಡುವ ಯೋಚನೆ ಮಾಡಬಾರದು. ಮೇವು ಮೊದಲು, ಗೊಬ್ಬರ ಆಮೇಲೆ, ಸುಡುವುದು ಕೊನೆಗೆ. ಚಿಪ್ಪನ್ನು ದನವೂ ತಿನ್ನದು, ತಿಪ್ಪೆಯೂ ಬೇಗ ಅರಗಿಸದು. ಹಾಗಾಗಿ ಈ ಕೆಲಸಕ್ಕೆ ಅದೇ ತಕ್ಕದ್ದು.

ನೀಲಿ ಬಣ್ಣದ ಪರೀಕ್ಷೆ

ನಮ್ಮ ಡೇರಿಯ ಪ್ರಯೋಗಶಾಲೆಯಲ್ಲಿ ಎಂ.ಬಿ.ಆರ್.ಟಿ. ಪರೀಕ್ಷೆ ಮಾಡುವುದನ್ನು ನಿಮ್ಮಲ್ಲಿ ಹಲವರು ನೋಡಿದ್ದೀರಿ. ಹಾಲಿಗೆ ಮಿಥಿಲೀನ್ ಬ್ಲೂ ಎಂಬ ನೀಲಿ ಬಣ್ಣದ ದ್ರಾವಣ ಸೇರಿಸಿ, ಬೆಚ್ಚಗಿನ ನೀರಿನಲ್ಲಿಟ್ಟು, ಬಣ್ಣ ಎಷ್ಟು ಹೊತ್ತಿನಲ್ಲಿ ಮಾಯವಾಗುತ್ತದೆ ಎಂದು ನೋಡುತ್ತಾರೆ. ಐದು ಗಂಟೆಗೂ ಮೀರಿ ಬಣ್ಣ ನಿಂತರೆ ಬಹಳ ಒಳ್ಳೆಯ ಹಾಲು. ಅರ್ಧ ಗಂಟೆಯೊಳಗೇ ಹೋದರೆ ಸೂಕ್ಷ್ಮಜೀವಿಗಳು ತುಂಬಿದ ಕಳಪೆ ಹಾಲು.

ಅದೇ ಮಿಥಿಲೀನ್ ಬ್ಲೂ ಬಣ್ಣವನ್ನು ಸಕ್ರಿಯ ಇದ್ದಿಲಿನ ಗುಣ ಅಳೆಯಲೂ ಬಳಸುತ್ತಾರೆ. ಇಲ್ಲಿ ಲೆಕ್ಕ ತಿರುಗುಮುರುಗು. ಒಂದು ಗ್ರಾಂ ಇದ್ದಿಲು ಎಷ್ಟು ಹೆಚ್ಚು ನೀಲಿಯನ್ನು ಹಿಡಿದು ನೀರನ್ನು ತಿಳಿಯಾಗಿಸುತ್ತದೋ ಅಷ್ಟು ಒಳ್ಳೆಯದು. ಇದಕ್ಕಿಂತ ಹೆಚ್ಚಾಗಿ ಪೇಟೆಯಲ್ಲಿ ನಡೆಯುವ ಅಳತೆ ‘ಅಯೋಡಿನ್ ಸಂಖ್ಯೆ’. ಒಂದು ಗ್ರಾಂ ಇದ್ದಿಲು ಎಷ್ಟು ಮಿಲಿಗ್ರಾಂ ಅಯೋಡಿನ್ ಹಿಡಿಯುತ್ತದೆ ಎಂಬ ಅಂಕಿ ಅದು. ನೀರಿನ ಕೆಲಸಕ್ಕೆ ಬರುವ ಒಳ್ಳೆಯ ಚಿಪ್ಪಿನ ಇದ್ದಿಲಿನಲ್ಲಿ ಇದು 900–1000ದ ಆಸುಪಾಸಿನಲ್ಲಿ ಅಥವಾ ಅದಕ್ಕೂ ಹೆಚ್ಚಾಗಿ ಇರುತ್ತದೆ. ಫ್ಯಾಟ್ ಕೇಳದೆ ಹಾಲಿನ ಬೆಲೆ ಕಟ್ಟಲಾಗದು. ಅಯೋಡಿನ್ ಸಂಖ್ಯೆ ಕೇಳದೆ ಸಕ್ರಿಯ ಇದ್ದಿಲಿನ ಬೆಲೆಯನ್ನೂ ಕಟ್ಟಲಾಗದು. ಫಿಲ್ಟರಿಗೆ ಇದ್ದಿಲು ತುಂಬಿಸುವಾಗ ಈ ಅಂಕಿಯ ಪರೀಕ್ಷಾ ವರದಿಯನ್ನು ಕೇಳಿ ಪಡೆಯಿರಿ.

ಯಾವುದನ್ನು ಹಿಡಿಯುತ್ತದೆ?

ಸಾಮಾನ್ಯವಾಗಿ ಇಂಗಾಲದಿಂದಾದ ಸಾವಯವ ವಸ್ತುಗಳು ಇದ್ದಿಲಿಗೆ ಚೆನ್ನಾಗಿ ಅಂಟುತ್ತವೆ. ಬಟ್ಟೆಯ ಬಣ್ಣಗಳು, ಹಲವು ಕೀಟನಾಶಕ ಮತ್ತು ಕಳೆನಾಶಕಗಳು, ಫೀನಾಲಿನಂಥ ವಾಸನೆಯ ರಾಸಾಯನಿಕಗಳು, ಸೀಮೆಎಣ್ಣೆ–ಪೆಟ್ರೋಲಿನ ಕೆಲವು ಅಂಶಗಳು, ಬೇಸಿಗೆಯಲ್ಲಿ ಕೆರೆ ನೀರಿಗೆ ಬರುವ ಮಣ್ಣು ವಾಸನೆ, ಪಾಚಿ ವಾಸನೆ ಈ ಗುಂಪಿಗೆ ಸೇರಿವೆ. ನೀರಿಗೆ ಹಾಕಿದ ಬ್ಲೀಚಿಂಗ್ ಪುಡಿಯ ಕ್ಲೋರಿನ್ ಕೂಡ ಇದ್ದಿಲಿನ ಮೇಲೆ ನಾಶವಾಗುತ್ತದೆ.

ಇಲ್ಲಿ ಎರಡು ಷರತ್ತುಗಳಿವೆ. ಒಂದು, ನೀರು ಇದ್ದಿಲಿನೊಳಗೆ ಸಾಕಷ್ಟು ಹೊತ್ತು ಇರಬೇಕು. ದೊಡ್ಡ ಘಟಕಗಳಲ್ಲಿ ನೀರು ಇದ್ದಿಲಿನ ಪದರವನ್ನು ದಾಟಲು ಸುಮಾರು ಹತ್ತು ನಿಮಿಷ ತೆಗೆದುಕೊಳ್ಳುವಂತೆ ಲೆಕ್ಕ ಹಾಕುತ್ತಾರೆ. ನಲ್ಲಿಯ ತುದಿಗೆ ಸಿಕ್ಕಿಸುವ ಬೆರಳುದ್ದದ ಡಬ್ಬಿಯಲ್ಲಿ ನೀರು ಕ್ಷಣದಲ್ಲಿ ದಾಟಿಬಿಡುತ್ತದೆ. ಅದರಿಂದ ಹೆಚ್ಚೆಂದರೆ ಕ್ಲೋರಿನ್ ವಾಸನೆ ಕಡಿಮೆಯಾದೀತು. ಎರಡು, ಕೆಸರು ನೀರನ್ನು ನೇರವಾಗಿ ಇದ್ದಿಲಿಗೆ ಬಿಡಬಾರದು. ಮೊದಲು ಮರಳಿನಲ್ಲಿ ಸೋಸಬೇಕು. ಇಲ್ಲದಿದ್ದರೆ ಕೆಸರೇ ರಂಧ್ರಗಳನ್ನು ಮುಚ್ಚುತ್ತದೆ.

ಯಾವುದನ್ನು ಬಿಡುತ್ತದೆ?

ಈ ಭಾಗವನ್ನು ದಯವಿಟ್ಟು ಎರಡು ಸಲ ಓದಿ.

ಮೊದಲನೆಯದು ಫ್ಲೋರೈಡ್. ಕೋಲಾರ, ತುಮಕೂರು, ಚಿತ್ರದುರ್ಗ ಮೊದಲಾದ ಜಿಲ್ಲೆಗಳ ಆಳದ ಕೊಳವೆಬಾವಿಗಳಲ್ಲಿ ಇದು ನಮ್ಮ ದೊಡ್ಡ ಶತ್ರು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇರಬಹುದು. ಬೇರೆ ನೀರಿನ ಮೂಲ ಇಲ್ಲದಿದ್ದರೆ 1.5ರವರೆಗೆ. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಬೀಳುತ್ತದೆ. ಪ್ರಮಾಣ ಇನ್ನೂ ಹೆಚ್ಚಾದರೆ ದೊಡ್ಡವರ ಮೂಳೆ–ಕೀಲು ಬಿಗಿಯುತ್ತವೆ. ದನಗಳಿಗೂ ಹಲ್ಲು ಸವೆತ, ಕುಂಟು ಬರುತ್ತವೆ. ಸಾಮಾನ್ಯ ಸಕ್ರಿಯ ಇದ್ದಿಲು ಫ್ಲೋರೈಡನ್ನು ತೆಗೆಯುತ್ತದೆಂದು ನೆಚ್ಚಿಕೊಳ್ಳುವಂತಿಲ್ಲ. ಅದಕ್ಕೆ ಆರ್.ಓ., ಸಕ್ರಿಯ ಅಲ್ಯೂಮಿನಾ ಅಥವಾ ಸ್ಫಟಿಕ–ಸುಣ್ಣ ಬಳಸುವ ನಲಗೊಂಡ ವಿಧಾನವೇ ಬೇಕು.

ಎರಡನೆಯದು ನೈಟ್ರೇಟ್. ಬಾವಿಯ ಪಕ್ಕದ ತಿಪ್ಪೆ, ಕೊಟ್ಟಿಗೆಯ ಗಂಜಲ, ಶೌಚದ ಗುಂಡಿ, ಹೊಲಕ್ಕೆ ಸುರಿದ ಯೂರಿಯಾ ಇವುಗಳಿಂದ ನೀರಿಗೆ ಇಳಿಯುತ್ತದೆ. ಮಿತಿ ಲೀಟರಿಗೆ 45 ಮಿಲಿಗ್ರಾಂ. ಮೀರಿದರೆ ಹಸುಗೂಸುಗಳ ರಕ್ತ ಪ್ರಾಣವಾಯುವನ್ನು ಒಯ್ಯುವ ಶಕ್ತಿ ಕಳೆದುಕೊಂಡು ಮೈ ನೀಲಿಗಟ್ಟುತ್ತದೆ. ಇದನ್ನೂ ಇದ್ದಿಲು ಹಿಡಿಯುವುದಿಲ್ಲ. ಕುದಿಸಿದರಂತೂ ನೀರು ಆವಿಯಾಗಿ ಫ್ಲೋರೈಡ್, ನೈಟ್ರೇಟ್ ಎರಡೂ ಇನ್ನಷ್ಟು ಸಾಂದ್ರವಾಗುತ್ತವೆ.

ಮೂರನೆಯದು ಉಪ್ಪು ಮತ್ತು ಗಡಸುತನ. ಸಪ್ಪೆ ನೀರು, ಸವಳು ನೀರು ಇದ್ದಿಲು ದಾಟಿದ ಮೇಲೂ ಹಾಗೆಯೇ ಇರುತ್ತದೆ.

ನಾಲ್ಕನೆಯದು ರೋಗಾಣುಗಳು. ಇದ್ದಿಲು ಅವನ್ನು ಕೊಲ್ಲುವುದಿಲ್ಲ. ಬದಲಿಗೆ, ಕ್ಲೋರಿನನ್ನು ನಾಶಮಾಡಿ, ಅಂಟಿದ ಕೊಳೆಯನ್ನೇ ಆಹಾರವಾಗಿ ಒದಗಿಸಿ, ಹಳೆಯ ಇದ್ದಿಲಿನ ಪದರವು ಸೂಕ್ಷ್ಮಜೀವಿಗಳಿಗೆ ಮನೆಯಾಗುತ್ತದೆ.

ತಿಳಿ ನೀರೆಲ್ಲ ಶುದ್ಧ ನೀರಲ್ಲ ಎಂಬುದಕ್ಕೆ ನೆರೆಯ ತಮಿಳುನಾಡಿನ ತಿರುಪ್ಪೂರಿನ ಅನುಭವ ದೊಡ್ಡ ಪಾಠ. ಅಲ್ಲಿನ ಬನಿಯನ್ ಬಟ್ಟೆಗೆ ಬಣ್ಣ ಹಾಕುವ ಘಟಕಗಳ ನೀರು ನೊಯ್ಯಲ್ ನದಿಗೆ ಸೇರುತ್ತಿತ್ತು. ಕೆಳಗಡೆ ರೈತರ ನೀರಾವರಿಗೆಂದು ಒರತ್ತುಪಾಳಯಂ ಅಣೆಕಟ್ಟು 1992ರಲ್ಲಿ ಸಿದ್ಧವಾಯಿತು. ಅದರಲ್ಲಿ ನಿಂತದ್ದು ಬಣ್ಣದ ಘಟಕಗಳ ಕೊಳೆನೀರು. ಕಣ್ಣಿಗೆ ಕಂಡ ದೋಷ ಬಣ್ಣ. ಕಾಣದ ದೋಷ ಉಪ್ಪು. ಬಟ್ಟೆಗೆ ಬಣ್ಣ ಕಚ್ಚಲು ರಾಶಿರಾಶಿ ಉಪ್ಪು ಬಳಸುತ್ತಾರೆ. ಬಣ್ಣವನ್ನು ಇದ್ದಿಲಿನಿಂದಲೋ ಬೇರೆ ವಿಧಾನದಿಂದಲೋ ತೆಗೆಯಬಹುದು, ಆಗ ನೀರು ತಿಳಿಯಾಗಿ ಕಾಣುತ್ತದೆ, ಆದರೆ ಉಪ್ಪು ಅಲ್ಲೇ ಇರುತ್ತದೆ. ಆ ನೀರು ಹರಿದ ಹೊಲ, ತೆಂಗಿನ ತೋಟ, ಬಾವಿಗಳು ಹಾಳಾದವು. ರೈತರು ವರ್ಷಗಟ್ಟಲೆ ನ್ಯಾಯಾಲಯಕ್ಕೆ ಅಲೆದರು. ಕೊನೆಗೆ 2011ರಲ್ಲಿ ಮದರಾಸು ಉಚ್ಚ ನ್ಯಾಯಾಲಯ ಘಟಕಗಳನ್ನು ಮುಚ್ಚಿಸಲು ಆದೇಶಿಸಿತು. ಆಮೇಲೆ ಒಂದು ಹನಿ ಕೊಳೆನೀರನ್ನೂ ಹೊರಬಿಡದ ಏರ್ಪಾಡು ಮಾಡಿಕೊಂಡವರಿಗೆ ಮಾತ್ರ ಮತ್ತೆ ಕೆಲಸ ಮಾಡುವ ಅವಕಾಶ ಸಿಕ್ಕಿತು. ಮೂಲದಲ್ಲೇ ಕೊಳೆಯನ್ನು ತಡೆಯುವುದು ಮೊದಲ ಉಪಾಯ, ಶೋಧಿಸುವುದು ಎರಡನೆಯದು ಎಂಬುದನ್ನು ಮರೆಯಬಾರದು.

ಊರಿನ ಶುದ್ಧ ನೀರಿನ ಘಟಕದಲ್ಲಿ

ನಾಣ್ಯ ಹಾಕಿ ಕ್ಯಾನು ತುಂಬಿಸುವ ಶುದ್ಧ ಕುಡಿಯುವ ನೀರಿನ ಘಟಕ ಈಗ ಬಹುತೇಕ ಊರುಗಳಲ್ಲಿದೆ. ಒಳಗೆ ಇಣುಕಿದರೆ ಎರಡು ಎತ್ತರದ ಸಿಲಿಂಡರುಗಳು ಸಾಮಾನ್ಯವಾಗಿ ಕಾಣುತ್ತವೆ. ಒಂದರಲ್ಲಿ ಮರಳು, ಇನ್ನೊಂದರಲ್ಲಿ ಸಕ್ರಿಯ ಇದ್ದಿಲು. ಅವುಗಳ ನಂತರ ಆರ್.ಓ. ಪೊರೆಗಳಿರುವ ಕೊಳವೆಗಳು. ಫ್ಲೋರೈಡನ್ನೂ ಉಪ್ಪನ್ನೂ ತೆಗೆಯುವುದು ಈ ಪೊರೆ. ಕ್ಲೋರಿನ್ ತಾಗಿದರೆ ಪೊರೆ ಹಾಳಾಗುತ್ತದೆ. ಅದಕ್ಕೇ ಮುಂದೆ ಇದ್ದಿಲನ್ನು ಕಾವಲಿಗೆ ನಿಲ್ಲಿಸಿರುತ್ತಾರೆ.

ಕಾವಲುಗಾರ ನಿದ್ದೆ ಹೋದರೆ ಮನೆ ಲೂಟಿಯಾಗುತ್ತದೆ. ಸಿಲಿಂಡರನ್ನು ಹಿಮ್ಮುಖವಾಗಿ ನೀರು ಬಿಟ್ಟು ತೊಳೆದಾಗ ಮೇಲಿನ ಕೆಸರು ಹೋಗುತ್ತದೆಯೇ ಹೊರತು ರಂಧ್ರದಲ್ಲಿ ಅಂಟಿದ್ದು ಹೋಗುವುದಿಲ್ಲ. ಬಿಸಿಲಿಗೆ ಒಣಗಿಸಿದರೂ ಪ್ರಯೋಜನವಿಲ್ಲ. ಇದ್ದಿಲನ್ನು ಕಾಲಕಾಲಕ್ಕೆ ಬದಲಿಸಲೇಬೇಕು. ಆದ್ದರಿಂದ ಗ್ರಾಮಸಭೆಯಲ್ಲಿ ಮೂರು ಪ್ರಶ್ನೆಗಳನ್ನು ಕೇಳಿ. ಇದ್ದಿಲನ್ನು ಕೊನೆಯ ಸಲ ಬದಲಿಸಿದ ದಿನಾಂಕ ಯಾವುದು? ಪೊರೆಯನ್ನು ಬದಲಿಸಿದ್ದು ಯಾವಾಗ? ಘಟಕದಿಂದ ಹೊರಬರುವ ನೀರಿನ ಪರೀಕ್ಷಾ ವರದಿ ಎಲ್ಲಿ? ಈ ಮೂರನ್ನೂ ಘಟಕದ ಬಾಗಿಲ ಮೇಲೆ ಬರೆದು ಹಾಕಿಸಿದರೆ ಇನ್ನೂ ಒಳ್ಳೆಯದು. ಸಂಘದಲ್ಲಿ ಪ್ರತಿ ಸದಸ್ಯನ ಫ್ಯಾಟ್ ಬರೆದಿಡುವ ನಮಗೆ ಇದು ಹೊಸ ಪದ್ಧತಿಯೇನಲ್ಲ.

ಕೊಟ್ಟಿಗೆ ಮತ್ತು ಕ್ಯಾನು

ಹಾಲಿನ ಕ್ಯಾನನ್ನು ಇದ್ದಿಲು ಫಿಲ್ಟರಿನ ನೀರಿನಲ್ಲಿ ತೊಳೆದರೆ ಸಾಕೆಂದು ಕೆಲವರು ತಿಳಿದಿದ್ದಾರೆ. ಇದು ತಪ್ಪು. ಆ ನೀರಿನಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ, ಹೀಗಾಗಿ ಸೂಕ್ಷ್ಮಜೀವಿಗಳು ಬೆಳೆಯಲು ತಡೆಯಿಲ್ಲ. ಕ್ಯಾನಿಗೆ ಬಿಸಿನೀರು, ಸೋಪಿನ ಪುಡಿ, ಕೊನೆಗೆ ಶುದ್ಧ ನೀರು, ಆಮೇಲೆ ಬೋರಲು ಹಾಕಿ ಒಣಗಿಸುವುದು, ಈ ಕ್ರಮಕ್ಕೆ ಪರ್ಯಾಯವಿಲ್ಲ. ಹಾಗೆಯೇ ಕೊಟ್ಟಿಗೆ ತೊಳೆದ ನೀರು, ಹಾಲು ಬೆರೆತ ನೀರು ಇವನ್ನು ಇದ್ದಿಲಿಗೆ ಸುರಿಯಬಾರದು. ಜಿಡ್ಡು ರಂಧ್ರಗಳನ್ನು ಕೂಡಲೇ ಮುಚ್ಚುತ್ತದೆ. ಅಂಥ ನೀರಿಗೆ ಗೋಬರ್ ಅನಿಲ ಸ್ಥಾವರ, ಗೊಬ್ಬರದ ಗುಂಡಿ, ಹುಲ್ಲಿನ ತಾಕು ಇವೇ ಸರಿಯಾದ ಜಾಗ.

ಇನ್ನೊಂದು ಸಂಗತಿ ತಿಳಿದಿರಲಿ. ದನವು ಅಕಸ್ಮಾತ್ತಾಗಿ ಕೀಟನಾಶಕ ಸಿಂಪಡಿಸಿದ ಮೇವು ತಿಂದರೆ ಪಶುವೈದ್ಯರು ಸಕ್ರಿಯ ಇದ್ದಿಲಿನ ಪುಡಿಯನ್ನು ನೀರಿನಲ್ಲಿ ಕಲಸಿ ಕೊಳವೆಯ ಮೂಲಕ ಹೊಟ್ಟೆಗೆ ಬಿಡುವುದುಂಟು. ದೇಹತೂಕದ ಪ್ರತಿ ಕಿಲೋಗೆ ಒಂದೆರಡು ಗ್ರಾಂ ಲೆಕ್ಕದಲ್ಲಿ ದೊಡ್ಡ ಹಸುವಿಗೆ ಅರ್ಧ ಕಿಲೋ ಮೇಲೆಯೇ ಬೇಕಾಗುತ್ತದೆ. ಒಲೆಯ ಇದ್ದಿಲು ಅರೆದು ಗೊಟ್ಟದಲ್ಲಿ ಕುಡಿಸುತ್ತ ಹೊತ್ತು ಕಳೆಯಬೇಡಿ; ಅದು ಶ್ವಾಸಕೋಶಕ್ಕೆ ಹೋದರೆ ಹಸುವೇ ಹೋಗುತ್ತದೆ. ಎಳೆ ಜೋಳದ ಪೈರು ತಿಂದು ವಿಷವೇರಿದಾಗ ಇದ್ದಿಲನ್ನು ನೆಚ್ಚಬಾರದು, ಅದಕ್ಕೆ ಬೇರೆಯೇ ಚುಚ್ಚುಮದ್ದಿದೆ. ಯಾವುದಕ್ಕೂ ಕೂಡಲೇ ವೈದ್ಯರನ್ನು ಕರೆಯಿರಿ. ಅಂಥ ಹಸುವಿನ ಹಾಲನ್ನು ವೈದ್ಯರು ಹೇಳುವವರೆಗೆ ಸಂಘಕ್ಕೂ ಹಾಕಬೇಡಿ, ಮನೆಯ ಮಕ್ಕಳಿಗೂ ಕೊಡಬೇಡಿ, ಕರುವಿಗೂ ಬಿಡಬೇಡಿ.

ಚಿಪ್ಪು ಮಾರುವವರಿಗೆ, ಸುಡುವವರಿಗೆ

ತಿಪಟೂರು, ಅರಸೀಕೆರೆ ಸೀಮೆಯಲ್ಲಿ ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯಿಯಿಂದ ಉಂಡೆ ಕೊಬ್ಬರಿ ತೆಗೆಯುವುದರಿಂದ ಚಿಪ್ಪು ಚೆನ್ನಾಗಿ ಬಲಿತು ಒಣಗಿರುತ್ತದೆ. ಇಂಥ ಚಿಪ್ಪಿಗೆ ಕಾರ್ಖಾನೆಗಳಲ್ಲಿ ಬೇಡಿಕೆ ಇದೆ. ಸಾವಿರ ಚಿಪ್ಪಿನ ತೂಕ ಸುಮಾರು 120 ಕಿಲೋ ಎಂದು ಹಿಡಿದರೆ ಅದರಿಂದ 35 ಕಿಲೋ ಇದ್ದಿಲು, ಕೊನೆಗೆ 12 ಕಿಲೋದಷ್ಟು ಸಕ್ರಿಯ ಇದ್ದಿಲು ಬರುತ್ತದೆ. ಒಬ್ಬೊಬ್ಬರೇ ಒಂದೆರಡು ಚೀಲ ಇಟ್ಟುಕೊಂಡು ಬಂದವರ ಬೆಲೆಗೆ ಕೊಟ್ಟರೆ ಸಾಗಣೆಯ ನೆಪದಲ್ಲಿ ಬೆಲೆ ಇಳಿಯುತ್ತದೆ. ಒಂದು ಲೀಟರು ಹಾಲಿಗೆ ಒಬ್ಬನೇ ನಿಂತಾಗ ಬೆಲೆ ಇರಲಿಲ್ಲ, ಸಂಘ ಕಟ್ಟಿದ ಮೇಲೆ ಬಂತು ಎಂಬುದು ನಮಗೆ ಗೊತ್ತು. ಚಿಪ್ಪಿಗೂ ಅದೇ ನ್ಯಾಯ. ಮಣ್ಣು, ನಾರು ಇಲ್ಲದಂತೆ ಶುಚಿಮಾಡಿ, ಮಳೆಗೆ ನೆನೆಯದಂತೆ ಒಂದೆಡೆ ಕೂಡಿಸಿ, ಲಾರಿ ಲೋಡಿನ ಲೆಕ್ಕದಲ್ಲಿ, ತೂಕ ಹಾಕಿಸಿ ಮಾರಿದರೆ ನಾಲ್ಕು ಕಾಸು ಹೆಚ್ಚು ಸಿಗುತ್ತದೆ. ಹೆಣ್ಣುಮಕ್ಕಳ ಸ್ವಸಹಾಯ ಸಂಘಗಳು ಇದನ್ನು ವಹಿಸಿಕೊಳ್ಳಬಹುದು.

ಆದರೆ ಊರಿನಲ್ಲೇ ಗುಂಡಿ ತೋಡಿ ಚಿಪ್ಪು ಸುಡುವ ಕೆಲಸಕ್ಕೆ ಜಾಗ ಕೊಡುವ ಮೊದಲು ಹತ್ತು ಸಲ ಯೋಚಿಸಿ. ಸುಡುವಾಗ ಏಳುವ ದಟ್ಟ ಹೊಗೆ ಒಂದು ತೊಂದರೆ. ಅದಕ್ಕಿಂತ ದೊಡ್ಡದು, ಕೆಂಡ ಆರಿಸಲು ಎರಚಿದ ನೀರು. ಟಾರು, ಫೀನಾಲು ಬೆರೆತ ಆ ಕಪ್ಪು ನೀರು ನೆಲಕ್ಕಿಳಿದು ಬಾವಿ ಸೇರುತ್ತದೆ. ಕುಡಿಯುವ ನೀರಿನಲ್ಲಿ ಫೀನಾಲಿಗೆ ಇರುವ ಮಿತಿ ಲೀಟರಿಗೆ ಒಂದು ಮಿಲಿಗ್ರಾಮಿನ ಸಾವಿರದಲ್ಲೊಂದು ಭಾಗ. ಅಂಥ ನೀರಿಗೆ ಬ್ಲೀಚಿಂಗ್ ಪುಡಿ ಹಾಕಿದರೆ ಔಷಧಿಯಂಥ ಕೆಟ್ಟ ವಾಸನೆ ಏಳುತ್ತದೆ. ತಮಿಳುನಾಡಿನ ಕಾಂಗೇಯಂ ಸುತ್ತಿನ ಹಳ್ಳಿಗಳಲ್ಲಿ ಚಿಪ್ಪಿನ ಇದ್ದಿಲು ಘಟಕಗಳಿಂದ ಬಾವಿ ನೀರು ಕೆಟ್ಟಿತೆಂದು ರೈತರು ದೂರಿದ್ದುಂಟು. ಯಾರದೋ ಪಟ್ಟಣದ ನೀರನ್ನು ಶುದ್ಧಮಾಡುವ ವಸ್ತುವಿಗಾಗಿ ನಮ್ಮ ಹಸುವಿನ ತೊಟ್ಟಿಯ ನೀರು ಕೆಡುವಂತಾಗಬಾರದು. ಮುಚ್ಚಿದ ಕುಲುಮೆ, ಹೊಗೆಯನ್ನು ಉರಿಸುವ ಏರ್ಪಾಡು, ನೀರೆರಚದೆ ಗಾಳಿ ಕಟ್ಟಿ ಆರಿಸುವ ವಿಧಾನ, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇವಿಲ್ಲದ ಘಟಕಕ್ಕೆ ಪಂಚಾಯಿತಿ ಒಪ್ಪಿಗೆ ಕೊಡದಂತೆ ನೋಡಿಕೊಳ್ಳುವುದು ಸದಸ್ಯರ ಕರ್ತವ್ಯ.

ನೆನಪಿಡಬೇಕಾದ ಮಾತುಗಳು

1. ಮೊದಲು ನೀರಿನ ಪರೀಕ್ಷೆ, ಆಮೇಲೆ ಫಿಲ್ಟರಿನ ಖರೀದಿ. 2019ರಲ್ಲಿ ಆರಂಭವಾದ ಜಲಜೀವನ ಮಿಷನ್ ಯೋಜನೆಯಡಿ ಪಂಚಾಯಿತಿಗಳಿಗೆ ಪರೀಕ್ಷಾ ಕಿಟ್‌ಗಳನ್ನು ಕೊಡಲಾಗಿದೆ. ಜಿಲ್ಲಾ ಮಟ್ಟದಲ್ಲಿ ಪ್ರಯೋಗಶಾಲೆಗಳಿವೆ. ಮುಂಗಾರಿನ ಮೊದಲೊಮ್ಮೆ, ನಂತರ ಒಮ್ಮೆ ಪರೀಕ್ಷೆ ಮಾಡಿಸಿ.

2. ಬಣ್ಣ, ವಾಸನೆ, ಕೀಟನಾಶಕ, ಕ್ಲೋರಿನ್ ಇವಕ್ಕೆ ಸಕ್ರಿಯ ಇದ್ದಿಲು ಸರಿ. ಫ್ಲೋರೈಡ್, ನೈಟ್ರೇಟ್, ಉಪ್ಪು, ಗಡಸುತನ, ರೋಗಾಣು ಇವಕ್ಕೆ ಅಲ್ಲ.

3. ಮೊದಲು ಮರಳು, ನಂತರ ಇದ್ದಿಲು, ಕೊನೆಗೆ ಕುದಿಸುವುದು ಅಥವಾ ಕ್ಲೋರಿನ್. ಈ ಕ್ರಮ ತಪ್ಪಬಾರದು.

4. ವಾಸನೆ ಅಥವಾ ರುಚಿ ಮರಳಿ ಬಂದರೆ ಇದ್ದಿಲು ತುಂಬಿದೆ ಎಂದು ಅರ್ಥ. ಬರದಿದ್ದರೂ ತಯಾರಕರು ಹೇಳಿದ ಅವಧಿಗೆ ಬದಲಿಸಿ. ವಿಷ ಹಿಡಿದ ಹಳೆಯ ಇದ್ದಿಲನ್ನು ತಿಪ್ಪೆಗೆ ಹಾಕಬೇಡಿ. ಫಿಲ್ಟರು ನಿರ್ವಹಿಸುವವರಿಗೇ ಹಿಂದಿರುಗಿಸಿ.

5. ತಿಪ್ಪೆ, ಗಂಜಲದ ಗುಂಡಿ, ಔಷಧಿ ಸಿಂಪಡಿಸುವ ಕ್ಯಾನು ತೊಳೆಯುವ ಜಾಗ ಇವು ಬಾವಿ, ಕೊಳವೆಬಾವಿ, ದನದ ತೊಟ್ಟಿಗಳಿಂದ ದೂರವಿರಲಿ. ಇದಕ್ಕೆ ಖರ್ಚಿಲ್ಲ, ಫಲ ಮಾತ್ರ ಎಲ್ಲ ಫಿಲ್ಟರಿಗಿಂತ ದೊಡ್ಡದು.

ಚಿಪ್ಪು ನಮ್ಮದು, ನೀರು ನಮ್ಮದು, ಹಸುವೂ ನಮ್ಮದೇ. ನಿಮ್ಮ ಸಂಘದ ಮುಂದಿನ ಸಭೆಯಲ್ಲಿ ಹಾಲಿನ ಲೆಕ್ಕ ಓದಿದ ಮೇಲೆ ಊರಿನ ನೀರಿನ ಪರೀಕ್ಷಾ ವರದಿಯನ್ನೂ ಒಮ್ಮೆ ಗಟ್ಟಿಯಾಗಿ ಓದಿಸಿ ಎಂದು ಕೇಳಿಕೊಳ್ಳುತ್ತೇನೆ.